ಕೆರೆಯ ಬಾಯಲ್ಲೊಂದು ಜೌಗು

ಬೇಸಿಗೆಯ ಮೊದಲ ಜೋರು ಮಳೆ ಶುರುವಾಗಿ ಹತ್ತು ನಿಮಿಷಕ್ಕೆ ಬೆಂಗಳೂರಿನ ಯಾವುದಾದರೂ ರಾಜಕಾಲುವೆಯಿಂದ ಒಂದು ಗಾಜಿನ ಲೋಟ ನೀರು ಮೊಗೆದು ಬೆಳಕಿಗೆ ಹಿಡಿಯಿರಿ. ಈಗಷ್ಟೇ ಆಕಾಶದಿಂದ ಬಿದ್ದ ನೀರು ಇದು ಎಂದರೆ ಯಾರೂ ನಂಬಲಾರರು. ಬಣ್ಣ ಕಪ್ಪು. ಮೇಲೆ ಎಣ್ಣೆಯ ಪೊರೆ. ಲೋಟವನ್ನು ಅಲುಗಾಡಿಸದೆ ಕಟ್ಟೆಯ ಮೇಲಿಟ್ಟರೆ ಐದು ನಿಮಿಷದಲ್ಲಿ ತಳಕ್ಕೆ ಮರಳು ಕೂರುತ್ತದೆ. ಮೇಲಿನ ನೀರು ಮಾತ್ರ ಮರುದಿನವೂ ತಿಳಿಯಾಗುವುದಿಲ್ಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ರಸ್ತೆಯ ಮೇಲೆ ಕೂತದ್ದೆಲ್ಲ ಅದರಲ್ಲಿದೆ: ಸವೆದ ಟೈರಿನ ಪುಡಿ, ಬ್ರೇಕ್ ಪ್ಯಾಡಿನಿಂದ ಉದುರಿದ ತಾಮ್ರ, ಗ್ಯಾರೇಜಿನೆದುರು ಚೆಲ್ಲಿದ ಎಣ್ಣೆ, ಕಟ್ಟಡದ ಮುಂದೆ ರಾಶಿ ಹಾಕಿದ ಎಂ-ಸ್ಯಾಂಡ್, ನಾಯಿ ದನಗಳ ಗಲೀಜು, ಯಾರೋ ಚರಂಡಿಗೆ ಗುಡಿಸಿ ಹಾಕಿದ ಕಸ.

ಮಳೆನೀರು ಕೊಯ್ಲು ಮಾಡಿಕೊಂಡ ಮನೆಯವರಿಗೆ ಈ ಮೊದಲ ನೀರಿನ ಗುಣ ಚೆನ್ನಾಗಿ ಗೊತ್ತು. ಅವರು ಅದನ್ನು ಸಂಪ್‌ಗೆ ಬಿಟ್ಟುಕೊಳ್ಳುವುದೇ ಇಲ್ಲ. ಪೈಪಿನ ಬುಡದ ಮುಚ್ಚಳ ತೆಗೆದು ಹೊರಗೆ ಹರಿಸುತ್ತಾರೆ. ಸರಿಯಾದದ್ದೇ. ಆದರೆ ಹೊರಗೆ ಹರಿಸಿದ್ದು ಎಲ್ಲಿಗೆ ಹೋಯಿತು? ರಸ್ತೆ ಬದಿಯ ಮೋರಿಗೆ, ಅಲ್ಲಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಇಡೀ ಬಡಾವಣೆಗೆ ಬೇಡವಾದ ನೀರು ಕೆರೆಗೆ ವರ್ಷದ ಮೊದಲ ಊಟವಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಒಂದು ಒಳ್ಳೆಯ ಮಳೆ ಬಿದ್ದ ಮರುದಿನ ಯಾವುದಾದರೊಂದು ಕೆರೆಯಲ್ಲಿ ಮೀನು ಸತ್ತು ತೇಲಿದ ಸುದ್ದಿ ಬರುತ್ತದಲ್ಲ, ಅದರ ಹಿಂದಿರುವುದು ಹೆಚ್ಚಿನ ಸಲ ಯಾರೋ ವಿಷ ಹಾಕಿದ ಕತೆಯಲ್ಲ. ಕೊಳೆಯುವ ವಸ್ತು ಒಮ್ಮೆಲೇ ನೀರಿಗೆ ನುಗ್ಗಿ, ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಬಳಸಿಬಿಟ್ಟಿರುತ್ತವೆ. ಮೀನಿಗೆ ಉಸಿರು ಸಿಗುವುದಿಲ್ಲ.

ಊರಿನ ಮಳೆನೀರು ಕೊಳಕು ಎಂಬುದನ್ನು ಸರ್ಕಾರಗಳು ಒಪ್ಪಿಕೊಂಡದ್ದೇ ತಡವಾಗಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1978ರಿಂದ 1983ರವರೆಗೆ ದೇಶದ ಹಲವು ನಗರಗಳಲ್ಲಿ ಮಳೆನೀರನ್ನು ಹಿಡಿದು ಪರೀಕ್ಷಿಸಿದ ಮೇಲೆಯೇ ಅಲ್ಲಿ ಇದು ಕಾನೂನಿನ ವಿಷಯವಾಯಿತು. ಈಚಿನ ಒಂದು ಸಂಗತಿ ಇನ್ನೂ ಬೆಚ್ಚಿಬೀಳಿಸುವಂಥದ್ದು. ಸಿಯಾಟಲ್ ಸುತ್ತಮುತ್ತಲ ಹೊಳೆಗಳಿಗೆ ಮೊಟ್ಟೆಯಿಡಲು ಬರುವ ಕೊಹೊ ಸಾಲ್ಮನ್ ಮೀನುಗಳು ಮಳೆ ಬಂದ ಕೂಡಲೇ, ಮೊಟ್ಟೆ ಹೊಟ್ಟೆಯಲ್ಲಿರುವಾಗಲೇ, ಒದ್ದಾಡಿ ಸಾಯುತ್ತಿದ್ದವು. ವರ್ಷಗಟ್ಟಲೆ ಕಾರಣ ಸಿಕ್ಕಿರಲಿಲ್ಲ. 2020ರಲ್ಲಿ ಸಿಕ್ಕಿತು: ಟೈರು ಬಿರಿಯದಿರಲಿ ಎಂದು ರಬ್ಬರಿಗೆ ಸೇರಿಸುವ ಒಂದು ರಾಸಾಯನಿಕ ಗಾಳಿಯ ಓಝೋನ್ ಜೊತೆ ಬೆರೆತು ಹುಟ್ಟುವ ವಿಷ. ಇನ್ನೂ ಸ್ವಾರಸ್ಯದ ಮಾತೆಂದರೆ, ವಿಷದ ಹೆಸರು ತಿಳಿಯುವ ಮೊದಲೇ ಅಲ್ಲಿನ ವಿಜ್ಞಾನಿಗಳಿಗೆ ಪರಿಹಾರ ಗೊತ್ತಾಗಿತ್ತು. ಅದೇ ರಸ್ತೆ ನೀರನ್ನು ಮರಳು, ಗೊಬ್ಬರ, ತೊಗಟೆ ಬೆರೆಸಿದ ಮಣ್ಣಿನ ಮೂಲಕ ಇಳಿಸಿ ಮೀನಿಗೆ ಕೊಟ್ಟಾಗ ಮೀನು ಬದುಕಿತ್ತು.

ಮಣ್ಣು, ಬೇರು, ನಿಧಾನ. ಕೃತಕ ಜೌಗು ಎಂದರೆ ಇಷ್ಟೇ. ಇಷ್ಟನ್ನೇ ಲೆಕ್ಕ ಹಾಕಿ, ಮಟ್ಟ ಹಿಡಿದು ಕಟ್ಟುವುದು.

ಕಟ್ಟುವ ಕ್ರಮ ಹೀಗೆ. ಕಾಲುವೆ ಬಂದು ಸೇರುವಲ್ಲಿ ಮೊದಲು ಒಂದು ಆಳದ ಹೊಂಡ. ಅಲ್ಲಿ ನೀರಿನ ಓಟ ತಗ್ಗಿ ಮರಳು, ಜಲ್ಲಿ, ಪ್ಲಾಸ್ಟಿಕ್ ನಿಲ್ಲುತ್ತವೆ. ಇದಕ್ಕೆ ಜೆಸಿಬಿ ಇಳಿಯಲು ದಾರಿ ಇರಲೇಬೇಕು. ಯಾಕೆಂದು ಮುಂದೆ ಹೇಳುತ್ತೇನೆ. ಹೊಂಡ ದಾಟಿದ ನೀರು ಒಂದು ಅಗಲವಾದ, ಮೊಣಕಾಲುದ್ದ ಆಳವೂ ಇಲ್ಲದ ಬಯಲಿಗೆ ಹರಡಿಕೊಳ್ಳುತ್ತದೆ. ಅಲ್ಲಿ ಆಪು, ಜೊಂಡು, ಲಾವಂಚದಂಥ ಗಿಡಗಳು ದಟ್ಟವಾಗಿ ನಿಂತಿರುತ್ತವೆ. ನೀರು ಅವುಗಳ ಸಂದಿಯಲ್ಲಿ ಎರಡು ಮೂರು ದಿನ ತಡವರಿಸಿಕೊಂಡು ಸಾಗಿ, ಕೊನೆಯಲ್ಲಿ ಒಂದು ಸಣ್ಣ ತೂಬಿನಿಂದ ಕೆರೆಗೆ ಇಳಿಯುತ್ತದೆ. ಪಕ್ಕದಲ್ಲಿ ಒಂದು ಕೋಡಿ: ಮಳೆ ಮಿತಿ ಮೀರಿದಾಗ ಹೆಚ್ಚಿನ ನೀರು ಗಿಡಗಳನ್ನು ಕಿತ್ತುಕೊಂಡು ಹೋಗದೆ ನೇರ ಕೆರೆಗೆ ಜಾರಲಿ ಎಂದು.

ಎರಡು ಮೂರು ದಿನ ಯಾಕೆ ಬೇಕು? ಕಟ್ಟೆಯ ಮೇಲಿಟ್ಟ ಲೋಟದಲ್ಲೇ ಉತ್ತರವಿದೆ. ಸಣ್ಣ ಮರಳಿನ ಕಣ, ಮಿಲಿಮೀಟರಿನ ಹತ್ತನೇ ಒಂದರಷ್ಟು ದಪ್ಪದ್ದು, ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಅದಕ್ಕಿಂತ ಐವತ್ತು ಪಟ್ಟು ಸಣ್ಣದಾದ ಜೇಡಿಯ ಕಣಕ್ಕೆ ಅದೇ ಒಂದು ಮೀಟರಿಗೆ ಮೂರು ದಿನ ಬೇಕು. ಸತುವು, ಸೀಸ, ರಂಜಕ ಹೆಚ್ಚಾಗಿ ಅಂಟಿಕೊಂಡಿರುವುದು ಈ ಜೇಡಿಯ ಮೈಗೇ. ಮರಳನ್ನು ಹಿಡಿದು ಜೇಡಿಯನ್ನು ಬಿಟ್ಟರೆ ಕಣ್ಣಿಗೆ ಕಾಣುವ ಕೊಳೆಯನ್ನು ತಡೆದು ಕಾಣದ್ದನ್ನು ಒಳಗೆ ಬಿಟ್ಟಂತೆ. ಜೌಗಿನಲ್ಲಿ ಆಳ ಕಡಿಮೆಯಾದ್ದರಿಂದ ಕಣ ಇಳಿಯಬೇಕಾದ ದೂರವೂ ಕಡಿಮೆ. ಜೊತೆಗೆ ನೀರಿನೊಳಗಿರುವ ಒಂದೊಂದು ದಂಟಿನ ಮೇಲೂ ಲೋಳೆಯ ಪದರ ಕಟ್ಟಿರುತ್ತದೆ, ಮುಟ್ಟಿದರೆ ಜಾರುತ್ತದೆ. ತೇಲುವ ಕಣ ತಳ ಮುಟ್ಟುವ ಮೊದಲೇ ಆ ಲೋಳೆಗೆ ಸಿಕ್ಕಿಬೀಳುತ್ತದೆ. ಕೊಳೆ ತಿನ್ನುವ ಜೀವಿಗಳ ವಾಸವೂ ಅಲ್ಲೇ. ಗಿಡ ನೀರು ಶುದ್ಧ ಮಾಡುತ್ತದೆ ಎನ್ನುತ್ತೇವೆ, ನಿಜದಲ್ಲಿ ಹೆಚ್ಚಿನ ದುಡಿಮೆ ಗಿಡದ ಮೈಮೇಲೆ ಬಾಡಿಗೆಗಿರುವವರದ್ದು.

ಗಿಡದ ಸ್ವಂತ ಕೆಲಸವನ್ನು ನೋಡಬೇಕೆಂದರೆ ಆಪಿನ ಒಂದು ಎಲೆಯನ್ನು ಬುಡದ ಹತ್ತಿರ ಅಡ್ಡ ಮುರಿಯಿರಿ. ಒಳಗೆ ತಿರುಳಿಲ್ಲ, ಸಣ್ಣ ಸಣ್ಣ ಕೋಣೆಗಳು, ಬರೀ ಗಾಳಿ. ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲವಾದ್ದರಿಂದ ಈ ಗಿಡ ಎಲೆಯಿಂದ ಬೇರಿಗೆ ಗಾಳಿಯ ಕೊಳವೆಯನ್ನೇ ಇಟ್ಟುಕೊಂಡಿದೆ. ಬೇರಿನ ತುದಿಯಿಂದ ಆ ಗಾಳಿ ಒಂದಿಷ್ಟು ಸೋರುತ್ತದೆ. ಹಾಗಾಗಿ ಬೇರಿನ ಸುತ್ತ ಕೂದಲೆಳೆಯಷ್ಟು ದಪ್ಪದ ಪದರದಲ್ಲಿ ಆಮ್ಲಜನಕವಿದೆ, ಅದರಾಚೆಯ ಕೆಸರಿನಲ್ಲಿ ಇಲ್ಲ. ಈ ಅಕ್ಕಪಕ್ಕದ ಎರಡು ಲೋಕಗಳಿಂದಲೇ ಸಾರಜನಕದ ಕತೆ ಮುಗಿಯುತ್ತದೆ. ಕೊಳಚೆಯ ಅಮೋನಿಯಾ ಗಾಳಿಯಿರುವ ಪದರದಲ್ಲಿ ನೈಟ್ರೇಟ್ ಆಗುತ್ತದೆ. ಆ ನೈಟ್ರೇಟ್ ಪಕ್ಕದ ಗಾಳಿಯಿಲ್ಲದ ಕೆಸರಿಗೆ ಜಾರಿ, ಅಲ್ಲಿನ ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಒಡೆದು ಸಾರಜನಕ ಅನಿಲವಾಗಿ ಮೇಲಕ್ಕೆ ಬಿಡುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ಇರುವುದು ಅದೇ ಅನಿಲ. ಯಾರಿಗೂ ತೊಂದರೆಯಿಲ್ಲ.

ರಂಜಕಕ್ಕೆ ಇಂಥ ಸುಖಾಂತ್ಯವಿಲ್ಲ. ಅದು ಅನಿಲವಾಗುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಮಣ್ಣಿನ ಕಬ್ಬಿಣಕ್ಕೋ ಸುಣ್ಣಕ್ಕೋ ಅಂಟುತ್ತದೆ, ಇಲ್ಲವೇ ಗಿಡದೊಳಗೆ ಹೋಗುತ್ತದೆ. ಗಿಡ ಸತ್ತು ಅಲ್ಲೇ ಕೊಳೆತರೆ ಪುನಃ ನೀರಿಗೆ ಬರುತ್ತದೆ. ಆದ್ದರಿಂದ ಹೂಳನ್ನು ಎತ್ತಿ, ಗಿಡವನ್ನು ಕೊಯ್ದು ಹೊರಗೆ ಸಾಗಿಸದ ಜೌಗು ಕೆಲವು ವರ್ಷಗಳಲ್ಲಿ ತಾನು ಹಿಡಿದಿಟ್ಟದ್ದನ್ನು ತಾನೇ ಕೆರೆಗೆ ಬಿಡಲು ಶುರುಮಾಡುತ್ತದೆ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ತಿಳಿಯಬೇಕಾದ ಮುಖ್ಯ ಮಾತು ಇದು. ಜೌಗು ಉದ್ಯಾನವಲ್ಲ, ಯಂತ್ರ. ಕರೆಂಟು ಬೇಡದ ಯಂತ್ರ ನಿಜ, ಆಳು ಬೇಡದ ಯಂತ್ರವಲ್ಲ.

ಜೊಂಡಿನಿಂದ ಕೊಳಚೆ ಶುದ್ಧವಾದೀತು ಎಂದು ಮೊದಲು ಪಟ್ಟು ಹಿಡಿದವರು ಜರ್ಮನಿಯ ಸಸ್ಯವಿಜ್ಞಾನಿ ಕೇಟೆ ಸೈಡೆಲ್. ಪ್ಲೋನ್ ಎಂಬ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಅವರು ಪ್ರಯೋಗ ನಡೆಸುತ್ತಿದ್ದಾಗ ಇಂಜಿನಿಯರುಗಳು ಅಷ್ಟಾಗಿ ಕಿವಿಗೊಡಲಿಲ್ಲ. ಇಂಥದೊಂದು ದೊಡ್ಡ ಘಟಕ ಜರ್ಮನಿಯ ಓಟ್‌ಫ್ರೆಸೆನ್‌ನಲ್ಲಿ ಚಾಲೂ ಆಗುವ ಹೊತ್ತಿಗೆ 1974 ಆಗಿತ್ತು. ಅವೆಲ್ಲ ಕೊಳಚೆ ನೀರಿಗೆ. ಮಳೆನೀರಿಗೂ ಇದೇ ಉಪಾಯವನ್ನು ಊರಿನ ಉದ್ದಗಲಕ್ಕೆ ಹಚ್ಚಿದ ಕೀರ್ತಿ ಬಹುಮಟ್ಟಿಗೆ ಆಸ್ಟ್ರೇಲಿಯಾದ ಮೆಲ್ಬರ್ನಿನದು. ಅಲ್ಲಿ ಹೊಸ ಬಡಾವಣೆ ಕಟ್ಟುವವರು ತಮ್ಮ ಮಳೆನೀರಿನಲ್ಲಿ ತೇಲುವ ಕಣಗಳನ್ನು ಶೇ 80, ರಂಜಕ ಮತ್ತು ಸಾರಜನಕವನ್ನು ತಲಾ ಶೇ 45ರಷ್ಟು ತಗ್ಗಿಸಿಯೇ ಹೊಳೆಗೆ ಬಿಡಬೇಕೆಂಬ ಗುರಿಯನ್ನು 1999ರಲ್ಲೇ ಮಾರ್ಗಸೂಚಿಯಾಗಿ ಬರೆದಿಟ್ಟರು. ನಗರದ ನಡುವಿನ ರಾಯಲ್ ಪಾರ್ಕಿನಲ್ಲಿ 2006ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ಎದ್ದ ಜೌಗು ಸುತ್ತಲಿನ ರಸ್ತೆಗಳ ನೀರನ್ನು ಶೋಧಿಸಿ ಪಾರ್ಕಿನ ಹುಲ್ಲಿಗೇ ಉಣಿಸುತ್ತದೆ. ದೆಹಲಿಯ ನೀಲಾ ಹೌಜ್‌ನಲ್ಲಿ ಪ್ರೊ. ಸಿ.ಆರ್. ಬಾಬು ಅವರ ತಂಡ ಕಲ್ಲು–ಗಿಡಗಳ ಸಾಲುಗಳಿಂದಲೇ ಒಂದು ಕೊಳಚೆ ಹೊಂಡಕ್ಕೆ ಜೀವ ತಂದಿತು.

ಈಗ ಒಂದಿಷ್ಟು ಲೆಕ್ಕ ಮಾಡೋಣ. ಜೌಗಿನ ಬಗ್ಗೆ ನಡೆಯುವ ಅತಿಯಾದ ಹೊಗಳಿಕೆಗೂ ಅತಿಯಾದ ತಾತ್ಸಾರಕ್ಕೂ ಅದೇ ಮದ್ದು. ನೂರು ಹೆಕ್ಟೇರಿನ, ಅಂದರೆ ಸುಮಾರು 250 ಎಕರೆಯ, ತಾರಸಿ–ಟಾರು–ಟೈಲ್ಸ್‌ನಿಂದ ಮುಚ್ಚಿಹೋದ ಬಡಾವಣೆ ಎಂದಿಟ್ಟುಕೊಳ್ಳಿ. 50 ಮಿಲಿಮೀಟರ್ ಮಳೆ ಬಿತ್ತು. ಬಿದ್ದದ್ದು 5 ಕೋಟಿ ಲೀಟರ್. ಅದರಲ್ಲಿ ಐದನೇ ಒಂದು ಭಾಗ ಅಲ್ಲಿ ಇಲ್ಲಿ ಇಂಗಿತು, ನಿಂತಿತು ಎಂದರೂ 4 ಕೋಟಿ ಲೀಟರ್ ಹರಿಯುತ್ತದೆ. ಬಡಾವಣೆಯ ಶೇ 2ರಷ್ಟು ಜಾಗವನ್ನು, ಐದು ಎಕರೆಯನ್ನು, ಜೌಗಿಗೆ ಬಿಟ್ಟಿದ್ದೇವೆ; ಅದರಲ್ಲಿ ಮಾಮೂಲಿ ಮಟ್ಟದ ಮೇಲೆ ಇನ್ನೊಂದು ಅರ್ಧ ಮೀಟರ್ ನೀರು ನಿಲ್ಲಬಲ್ಲದು. ಹಿಡಿದದ್ದು 1 ಕೋಟಿ ಲೀಟರ್. ಮಿಕ್ಕ 3 ಕೋಟಿ ಲೀಟರ್ ಕೋಡಿ ಹರಿಯುತ್ತದೆ.

ನಾಲ್ಕರಲ್ಲಿ ಒಂದು ಪಾಲು ಹಿಡಿಯಲು ಇಷ್ಟೆಲ್ಲ ಯಾಕೆ ಎನ್ನಬಹುದು. ಆದರೆ ಆ ಒಂದು ಪಾಲು ಮೊದಲ ಪಾಲು. ರಸ್ತೆ ತೊಳೆದು ಬಂದ ನೀರು ಅದೇ. ಆಮೇಲೆ ಬರುವುದು ಬಹುಪಾಲು ತೊಳೆದ ರಸ್ತೆಯ ಮೇಲೆ ಹರಿದ ನೀರು. ಮೇಲಾಗಿ ವರ್ಷದಲ್ಲಿ 50 ಮಿ.ಮೀ. ಮಳೆ ಬೀಳುವ ದಿನಗಳು ಕೆಲವೇ. ಹತ್ತು ಹನ್ನೆರಡು ಮಿ.ಮೀ.ಯ ಮಳೆಗಳೇ ಜಾಸ್ತಿ, ಅವು ಪೂರ್ತಿ ಜೌಗಿನೊಳಗೇ ಹಿಡಿಸುತ್ತವೆ. ಹಾಗಾಗಿ ನೀರು ಶುಚಿ ಮಾಡುವ ವಿಷಯದಲ್ಲಿ ಐದು ಎಕರೆಯ ಜೌಗು ತನ್ನ ಗಾತ್ರಕ್ಕಿಂತ ದೊಡ್ಡ ಕೆಲಸ ಮಾಡುತ್ತದೆ. ನೆರೆ ತಡೆಯುವ ವಿಷಯದಲ್ಲಿ ಹಾಗಲ್ಲ. 2022ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ 130 ಮಿ.ಮೀ. ದಾಟಿದ ಮಳೆಗೆ ಹೊರವರ್ತುಲ ರಸ್ತೆ ಮುಳುಗಿ, ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರಲ್ಲ, ಅಂಥ ರಾತ್ರಿಯನ್ನು ಜೊಂಡು ನೆಟ್ಟು ತಡೆಯುತ್ತೇವೆ ಎನ್ನುವವರನ್ನು ನಂಬಬೇಡಿ. ಅದಕ್ಕೆ ಕೆರೆಯಲ್ಲಿ ಜಾಗ ಬೇಕು, ಕಾಲುವೆಗೆ ಅಗಲ ಬೇಕು, ಕೆರೆಯಿಂದ ಕೆರೆಗೆ ದಾರಿ ತೆರೆದಿರಬೇಕು.

ನಮ್ಮ ಹಳೆಯ ಕೆರೆಗಳಿಗೆ ಯಾರೂ ಜೌಗು ಕಟ್ಟಿಸಿಕೊಟ್ಟಿರಲಿಲ್ಲ, ಅದು ತಾನಾಗಿಯೇ ಇತ್ತು. ಕೆರೆಗೆ ಏರಿ ಇದ್ದದ್ದು ಒಂದೇ ಕಡೆ, ತಗ್ಗಿನ ಕಡೆ. ಎದುರಿನ ದಿಕ್ಕಿನಲ್ಲಿ ಅಂಗಳ ಮೆಲ್ಲಗೆ ಏರುತ್ತಾ ಹೊಲಕ್ಕೆ ಸೇರುತ್ತಿತ್ತು. ನೀರು ಬರುತ್ತಿದ್ದದ್ದು ಆ ಕಡೆಯಿಂದ. ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಒಣಗುವ ಆ ಹುಲ್ಲಿನ ಬಯಲಿನಲ್ಲೇ ಹಳ್ಳದ ನೀರು ಹರಡಿ, ಮಣ್ಣು ಇಳಿಸಿ, ತಿಳಿಯಾಗಿ ಆಳಕ್ಕೆ ಹೋಗುತ್ತಿತ್ತು. ಕೆಳಗೆ ಕೂತ ಗೋಡನ್ನು ರೈತರು ಬೇಸಿಗೆಯಲ್ಲಿ ಗಾಡಿಯಲ್ಲಿ ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಇತ್ತೀಚಿನ ಕೆರೆ ಅಭಿವೃದ್ಧಿ ಈ ಅಂಚನ್ನೇ ಅಳಿಸಿಬಿಟ್ಟಿತು. ಸುತ್ತಲೂ ಏರಿ ಹಾಕಿ, ಒಳಗೆಲ್ಲ ಒಂದೇ ಆಳಕ್ಕೆ ತೋಡಿ, ಏರಿಯ ಮೇಲೆ ವಾಕಿಂಗ್ ಪಾತ್ ಹಾಸಿ, ಕಮಾನಿನ ಗೇಟು ಕಟ್ಟಿ, ಜನಪ್ರತಿನಿಧಿಯ ಫೋಟೋ ಹಾಕಿದರೆ ಕೆಲಸ ಮುಗಿಯಿತು. ಕೆರೆ ಬಟ್ಟಲಾಯಿತು. ಬಟ್ಟಲಿಗೆ ಅಂಚಿನಲ್ಲಿ ತೆಳು ನೀರಿಲ್ಲ; ತೆಳು ನೀರಿಲ್ಲದಲ್ಲಿ ಜೊಂಡಿಲ್ಲ, ಜಂಬುಕೋಳಿಯಿಲ್ಲ, ಶೋಧನೆಯೂ ಇಲ್ಲ. ಹಿಂದೆ ತಾನಾಗಿ ಇದ್ದದ್ದನ್ನು ತೆಗೆದುಹಾಕಿ ಈಗ ಅದನ್ನೇ ಟೆಂಡರ್ ಕರೆದು ಕಟ್ಟಿಸಬೇಕಾಗಿದೆ.

ಕಟ್ಟಿಸಿದರೆ ಏನಾಗುತ್ತದೆ ಎಂದು ನೋಡಲು ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಯಲಹಂಕದ ಕಡೆಯಿಂದ ಬರುವ ನೀರಿನ ದಾರಿಯಲ್ಲಿರುವ ಜಕ್ಕೂರು ಕೆರೆ ಸುಮಾರು 160 ಎಕರೆಯದ್ದು. ನೀರು ಒಳಬರುವ ತುದಿಯಲ್ಲಿ ಜಲಮಂಡಳಿಯ ಕೊಳಚೆ ನೀರು ಸಂಸ್ಕರಣಾ ಘಟಕವಿದೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ್ದಾಗಿ ಅದು ಶುರುವಾಯಿತು. ಸಂಸ್ಕರಿಸಿದ ನೀರು ನೇರ ಕೆರೆಗೆ ಬೀಳುವುದಿಲ್ಲ. ನಡುವೆ ಹಲವು ಎಕರೆಯ ಆಪು–ಜೊಂಡಿನ ಜೌಗಿದೆ, ಅದನ್ನು ದಾಟಿಯೇ ಬರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಈ ಏರ್ಪಾಡನ್ನು ಅಧ್ಯಯನ ಮಾಡಿ ಬೇರೆ ಕೆರೆಗಳಿಗೂ ಇದನ್ನೇ ಮಾದರಿಯಾಗಿ ತೋರಿಸುತ್ತಾ ಬಂದಿದೆ. ಘಟಕ ಬಿಟ್ಟ ನೀರಿನಲ್ಲಿ ಉಳಿದ ಸಾರಜನಕ, ರಂಜಕ ಜೌಗು ಮತ್ತು ಅದರಾಚೆಯ ಪಾಚಿಯ ನೀರು ದಾಟುವಷ್ಟರಲ್ಲಿ ಇಳಿಯುತ್ತವೆ. ಕೆರೆಯಲ್ಲಿ ಮೀನು ಹಿಡಿಯುವವರಿದ್ದಾರೆ, ದಂಡೆಯಲ್ಲಿ ದನಕ್ಕೆ ಹುಲ್ಲು ಕೊಯ್ಯುವವರಿದ್ದಾರೆ, ಚಳಿಗಾಲಕ್ಕೆ ಹಕ್ಕಿ ನೋಡುವವರು ಕ್ಯಾಮೆರಾ ಹೊತ್ತು ಬರುತ್ತಾರೆ. ಜಲಪೋಷಣ್ ಎಂಬ ಸ್ಥಳೀಯರ ಟ್ರಸ್ಟ್ ಕೆರೆಯ ಬೆನ್ನಿಗೆ ನಿಂತಿದೆ. ಎಲ್ಲವೂ ಸರಿಯಿದೆ ಎಂದಲ್ಲ. ಮೇಲಿನ ಬಡಾವಣೆಗಳ ಕೊಳಚೆ ಮಳೆನೀರಿನ ಕಾಲುವೆ ಹಿಡಿದು ಬಂದಾಗ ಇಲ್ಲೂ ಪೇಚಾಟವಿದ್ದದ್ದೇ. ಆದರೂ ಬೆಂಗಳೂರಿನಲ್ಲಿ ಈ ಮಾತಿಗೆ ಸಾಕ್ಷಿ ಕೇಳಿದರೆ ತೋರಿಸಬಹುದಾದ ಕೆರೆ ಇದು.

ಜಕ್ಕೂರಿನಲ್ಲಿ ನನಗೆ ಹೆಚ್ಚು ಬುದ್ಧಿವಂತಿಕೆಯಾಗಿ ಕಂಡದ್ದು ಇನ್ನೊಂದು ಸಂಗತಿ. ಮೆಲ್ಬರ್ನಿನಲ್ಲಿ ಮಳೆ ವರ್ಷವಿಡೀ ಒಂದಿಷ್ಟು ಬೀಳುತ್ತಿರುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಬಿದ್ದರೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಸೊನ್ನೆ. ಬರೀ ಮಳೆನೀರನ್ನೇ ನಂಬಿ ಕಟ್ಟಿದ ಜೌಗು ಇಲ್ಲಿ ನಾಲ್ಕು ತಿಂಗಳು ಒಣಗುತ್ತದೆ, ಜೊಂಡು ಬಾಡುತ್ತದೆ, ದಂಟಿನ ಮೇಲಿದ್ದ ಲೋಳೆ ಸಾಯುತ್ತದೆ. ಅತಿ ಕೊಳಕಾದ ಮೊದಲ ಮಳೆ ಬರುವುದು ಜೌಗು ಅತಿ ದುರ್ಬಲವಾಗಿರುವ ಅದೇ ಗಳಿಗೆಗೆ. ಸಂಸ್ಕರಿಸಿದ ಕೊಳಚೆ ನೀರನ್ನು ದಿನವೂ ಸ್ವಲ್ಪ ಸ್ವಲ್ಪ ಹರಿಸಿದರೆ ಬೇಸಿಗೆಯಲ್ಲೂ ಬೇರು ಹಸಿಯಾಗಿರುತ್ತದೆ, ಏಪ್ರಿಲ್ ಮಳೆ ಬಂದಾಗ ಇಡೀ ಏರ್ಪಾಡು ಎಚ್ಚರವಾಗಿರುತ್ತದೆ. ವಿದೇಶದ ಕೈಪಿಡಿಗಳಲ್ಲಿ ಮಳೆನೀರಿನ ಜೌಗು ಬೇರೆ ಅಧ್ಯಾಯ, ಕೊಳಚೆಯ ಜೌಗು ಬೇರೆ ಅಧ್ಯಾಯ. ನಮ್ಮ ಹವೆಗೆ ಎರಡನ್ನೂ ಒಂದೇ ಅಂಗಳದಲ್ಲಿ ಕೂರಿಸುವುದು ಸರಿ.

ಆದರೆ ‘ಸಂಸ್ಕರಿಸಿದ’ ಎಂಬ ಮಾತಿಗೆ ಅಡಿಗೆರೆ ಎಳೆಯಿರಿ. ಕಾಗದದಲ್ಲಿ ನಮ್ಮ ನಗರಗಳಿಗೆ ಎರಡು ಜಾಲಗಳಿವೆ: ಕೊಳಚೆಗೆ ಒಳಚರಂಡಿ, ಮಳೆಗೆ ರಾಜಕಾಲುವೆ. ನೆಲದ ಮೇಲೆ ರಾಜಕಾಲುವೆಯಲ್ಲಿ ಮಾರ್ಚ್ ತಿಂಗಳಲ್ಲೂ ನೀರು ಹರಿಯುತ್ತದೆ. ಮಳೆಯಿಲ್ಲದ ಮಾರ್ಚ್‌ನಲ್ಲಿ ಹರಿಯುವುದು ಯಾವ ನೀರೆಂದು ಯಾರೂ ಕೇಳಬೇಕಿಲ್ಲ. ಹಸಿ ಕೊಳಚೆಯನ್ನು ಪೂರ್ತಿಯಾಗಿ ಜೌಗಿನ ಮೇಲೆ ಹೊರಿಸಿದರೆ ಕೆಸರಿನ ಮೇಲೆ ಕೆಸರು ಕೂತು, ಬೇರಿನ ಸುತ್ತಲಿನ ಗಾಳಿಯ ತೆಳು ಪದರ ಸಾಲದೆ, ಎಲ್ಲ ಕೊಳೆತು ನಾರುತ್ತದೆ. ಬೆಳ್ಳಂದೂರಿನ ಸುಮಾರು 900 ಎಕರೆಯ ಕೆರೆ 2015ರಲ್ಲಿ ನೊರೆ ಕಾರಿ, 2017 ಮತ್ತು 2018ರಲ್ಲಿ ಬೆಂಕಿ ಹತ್ತಿ ಉರಿದದ್ದನ್ನು ನೋಡಿದ ಮೇಲೆ, ಎಷ್ಟು ಎಕರೆ ಇದ್ದರೂ ಹಸಿ ಕೊಳಚೆಯನ್ನು ನೀರು ತಾನಾಗಿ ಜೀರ್ಣಿಸಿಕೊಳ್ಳುತ್ತದೆ ಎಂಬ ಭ್ರಮೆ ಯಾರಿಗೂ ಉಳಿದಿರಬಾರದು. ಮೊದಲು ರಾಜಕಾಲುವೆಗೆ ಕೊಳಚೆ ಬಿಡುವ ಪೈಪು ಮುಚ್ಚಬೇಕು, ಆಮೇಲೆ ಗಿಡ ನೆಡಬೇಕು. ಪೈಪು ಮುಚ್ಚುವ ಕೆಲಸಕ್ಕೆ ರಿಬ್ಬನ್ ಕತ್ತರಿಸುವ ಸಮಾರಂಭ ಇಲ್ಲದ್ದರಿಂದ ನಮ್ಮಲ್ಲಿ ಅದು ಸದಾ ಎರಡನೆಯ ಹಂತಕ್ಕೆ ಹೋಗುತ್ತದೆ.

ಸಮಾರಂಭಕ್ಕೆ ಒಗ್ಗುವ ತೇಲುವ ದ್ವೀಪಗಳ ಬಗ್ಗೆಯೂ ನನಗೆ ಅಷ್ಟು ಭಕ್ತಿಯಿಲ್ಲ. ಪ್ಲಾಸ್ಟಿಕ್ ಕೊಳವೆಯ ಚೌಕಟ್ಟಿನಲ್ಲಿ ನಾಲ್ಕು ಕ್ಯಾನಾ ಗಿಡ ನಿಲ್ಲಿಸಿ ಕೆರೆಗೆ ಬಿಡುತ್ತಾರೆ. ಹಕ್ಕಿ ಕೂರಲು ಒಳ್ಳೆಯ ಜಾಗ, ಶಾಲೆಯ ಮಕ್ಕಳಿಗೆ ತೋರಿಸಲು ಚೆನ್ನ. ಐವತ್ತು ಎಕರೆಯ ಕೆರೆಗೆ ಒಂದು ಕೋಣೆಯಷ್ಟು ಅಗಲದ ದ್ವೀಪ ಏನು ಮಾಡೀತು?

ಸೊಳ್ಳೆಯ ಪ್ರಶ್ನೆಗೆ ಮಾತ್ರ ಗಂಭೀರವಾಗಿ ಉತ್ತರಿಸಬೇಕು, ಯಾಕೆಂದರೆ ಬಡಾವಣೆಯ ಸಭೆಯಲ್ಲಿ ಜೌಗಿನ ಪ್ರಸ್ತಾಪ ಬಂದ ಕೂಡಲೇ ಏಳುವ ಮೊದಲ ಕೈ ಅದೇ. ನಮ್ಮ ಸೆಕೆಗೆ ಮೊಟ್ಟೆಯೊಂದು ರೆಕ್ಕೆ ಬಲಿತ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು. ನೀರು ಸಾಗುತ್ತಿರುವ, ಮಳೆಯ ನಂತರ ಮೂರು ದಿನಕ್ಕೆ ಮಾಮೂಲಿ ಮಟ್ಟಕ್ಕೆ ಇಳಿಯುವ, ಮೀನು ಮತ್ತು ಕೊಡತಿ ಹುಳುವಿನ ಮರಿಗಳಿರುವ ಜೌಗಿನಲ್ಲಿ ಅದಕ್ಕೆ ಪುರಸೊತ್ತು ಸಿಗುವುದು ಕಷ್ಟ. ಕಟ್ಟಿಕೊಂಡು ನಿಂತ, ಕಸ ತುಂಬಿದ ಜೌಗಿನಲ್ಲಿ ಧಾರಾಳವಾಗಿ ಸಿಗುತ್ತದೆ. ಅಂದರೆ ಸೊಳ್ಳೆಯ ದೂರು ಜೌಗಿನ ಮೇಲಿನ ದೂರಲ್ಲ, ಅದನ್ನು ನೋಡಿಕೊಳ್ಳದವರ ಮೇಲಿನ ದೂರು. ಡೆಂಗಿ ಹರಡುವ ಸೊಳ್ಳೆಯಂತೂ ಜೌಗಿಗಿಂತ ನಮ್ಮ ಮನೆಯ ಡ್ರಮ್ಮು, ಹೂಕುಂಡದ ತಟ್ಟೆ, ಗ್ಯಾರೇಜಿನ ಹಳೆ ಟೈರನ್ನೇ ಇಷ್ಟಪಡುತ್ತದೆ.

ಜೆಸಿಬಿ ಇಳಿಯುವ ದಾರಿಯ ಮಾತಿಗೆ ಬರೋಣ. ಕಾಲುವೆಯ ಬಾಯಲ್ಲಿರುವ ಮೊದಲ ಹೊಂಡ ತುಂಬಿದ ದಿನವೇ ಜೌಗಿನ ಆಯುಸ್ಸು ಎಣಿಕೆಗೆ ಬೀಳುತ್ತದೆ. ಹೂಳು ಹೊಂಡದಲ್ಲಿ ನಿಲ್ಲದೆ ಗಿಡಗಳ ಬಯಲಿಗೆ ಬಂದು ಕೂತರೆ ಅದನ್ನು ತೆಗೆಯಲು ಗಿಡವನ್ನೇ ಕಿತ್ತುಹಾಕಬೇಕು. ಕಟ್ಟಡ ಕೆಲಸ ಎಡೆಬಿಡದೆ ನಡೆಯುವ ನಮ್ಮ ಊರುಗಳಲ್ಲಿ ಹೊಂಡವನ್ನು ವರ್ಷಕ್ಕೊಮ್ಮೆ, ಮುಂಗಾರಿನ ಮೊದಲು, ಬಳಿಯದಿದ್ದರೆ ಆಗುವುದಿಲ್ಲ. ಬಳಿದ ಹೂಳಿನಲ್ಲಿ ಸೀಸ, ಸತುವು ಇರುವುದರಿಂದ ಹಿಂದಿನಂತೆ ಅದನ್ನು ಹೊಲಕ್ಕೆ ಹಾಕುವಂತೆಯೂ ಇಲ್ಲ. ಪರೀಕ್ಷೆ ಮಾಡಿಸಿ, ಸಾಗಿಸಲು ಜಾಗ ಗೊತ್ತುಮಾಡಬೇಕು. ಆಪು ಇನ್ನೊಂದು ಪೀಡೆ. ನೆಡುವಾಗ ನಾಲ್ಕು ಗಿಡ, ಎರಡು ವರ್ಷ ಬಿಟ್ಟು ನೋಡಿದರೆ ಬೇರೆ ಯಾವ ಗಿಡಕ್ಕೂ ಜಾಗವಿಲ್ಲ. ಕೊಯ್ಯಬೇಕು, ಕೊಯ್ದದ್ದನ್ನು ದಂಡೆಯಲ್ಲಿ ಕೊಳೆಯಲು ಬಿಡದೆ ಹೊರಗೆ ಒಯ್ಯಬೇಕು.

ಇದಕ್ಕೆ ದೊಡ್ಡ ಇಂಜಿನಿಯರ್ ಬೇಡ. ಊರಿನ ಕೆರೆಗೆ ಒಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಕಾಲುವೆಯ ಕಸ ತೆಗೆಯುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಕೂಗಿ ಹೇಳುವುದು ಅವನ ಕೆಲಸ. ಅದಕ್ಕೆ ಪ್ರತಿಯಾಗಿ ಅವನಿಗೆ ಮಾನ್ಯದ ಜಮೀನೋ ಸುಗ್ಗಿಯ ಕಾಳೋ ಸಲ್ಲುತ್ತಿತ್ತು. ಇಂದಿನ ಜೌಗಿಗೂ ಅಂಥ ಒಬ್ಬರು ಬೇಕು, ತಿಂಗಳ ಸಂಬಳಕ್ಕೆ, ಹೆಸರಿಟ್ಟು ನೇಮಿಸಿದವರು. ಮೂರು ವರ್ಷದ ನಿರ್ವಹಣಾ ಗುತ್ತಿಗೆ ಮುಗಿದ ಮೇಲೆ ಯಾರಿಗೂ ಸೇರದೆ ಉಳಿಯುವುದೇ ಇಂಥ ಜೌಗುಗಳ ಸಾವಿಗೆ ದಾರಿ.

ಜಾಗದ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಬೆಂಗಳೂರಿನ 2015ರ ನಗರ ಯೋಜನೆ ಪ್ರಕಾರ ರಾಜಕಾಲುವೆಗಳ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಅಂಚನ್ನು ಕಟ್ಟಡವಿಲ್ಲದೆ ಬಿಡಬೇಕಿತ್ತು, ಕೆರೆಗೆ 30 ಮೀಟರ್. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯಂಚನ್ನು 75 ಮೀಟರಿಗೆ ಏರಿಸಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ವಾದವೆಲ್ಲ ನಡೆದದ್ದು ಎಷ್ಟು ಮೀಟರ್ ಎಂಬುದರ ಮೇಲೆ. ಆ ಮೀಟರುಗಳೊಳಗೆ ಏನಿರಬೇಕು ಎಂಬುದನ್ನು ಅಷ್ಟಾಗಿ ಯಾರೂ ಕೇಳಲಿಲ್ಲ. ಜಾಗ ಸಿಕ್ಕ ಕಡೆಯೂ ಕಾಲುವೆಗೆ ಎರಡು ಬದಿ ಆರ್‌ಸಿಸಿ ಗೋಡೆ ಎಬ್ಬಿಸಿ ತಳಕ್ಕೂ ಕಾಂಕ್ರೀಟ್ ಹಾಕುವುದೇ ನಮ್ಮ ಪದ್ಧತಿ. ಅಂಥ ಕಾಲುವೆ ನೀರನ್ನು ಬೇಗ ಸಾಗಿಸುತ್ತದೆ ನಿಜ, ಕೆಳಗಿನ ಬಡಾವಣೆಗೆ ಬೇಗ. ಗೋಡೆಯ ಬದಲು ಇಳಿಜಾರು ದಂಡೆ, ಅಲ್ಲಲ್ಲಿ ಅಗಲವಾದ ತಂಗುದಾಣ, ಅಲ್ಲಿ ಜೊಂಡು ಇಟ್ಟರೆ ಅದೇ ಜಾಗ ಜೌಗಾಗುತ್ತದೆ. ಐದು ಎಕರೆ ಒಂದೇ ಕಡೆ ಸಿಗದಿದ್ದರೆ ಅರ್ಧ ಅರ್ಧ ಎಕರೆಯ ಹತ್ತು ಕಡೆ ಹುಡುಕಬಹುದು: ತಗ್ಗಿನ ಪಾರ್ಕು, ಮೇಲ್ಸೇತುವೆಯ ಕೆಳಗಿನ ಪಾಳು ಜಾಗ, ಕಾಲೇಜಿನ ಮೈದಾನದ ಮೂಲೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಗಿ, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಗಿ ಹೋದವು. ಅವು ವಾಪಸು ಬರುವುದಿಲ್ಲ. ಮೈಸೂರು, ತುಮಕೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಇನ್ನೂ ಜಾಗವಿದೆ. ಬಡಾವಣೆಯ ನಕ್ಷೆ ಮಂಜೂರಾಗುವ ಮೊದಲೇ ಶೇ 2ರಷ್ಟನ್ನು ನೀರಿಗೆಂದು ಗೆರೆ ಎಳೆದಿಟ್ಟರೆ ಆ ಊರುಗಳಿಗೆ ಈ ಪರದಾಟ ಇರುವುದಿಲ್ಲ.

ನಿಮ್ಮ ವಾರ್ಡಿನ ಕೆರೆಗೆ ಹಣ ಮಂಜೂರಾಗಿದೆ ಎಂದು ಮುಂದಿನ ಸಲ ಬೋರ್ಡು ಬಿದ್ದಾಗ ಯೋಜನಾ ವರದಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ತೆಗೆದುಕೊಳ್ಳಿ. ವಾಕಿಂಗ್ ಪಾತಿನ ಉದ್ದ, ಬೆಂಚುಗಳ ಸಂಖ್ಯೆ ಅದರಲ್ಲಿ ಇದ್ದೇ ಇರುತ್ತದೆ. ಆ ಪುಟಗಳನ್ನು ತಿರುವಿಹಾಕಿ. ನೀರು ಒಳಬರುವ ಬಾಯಲ್ಲಿ ಹೂಳಿನ ಹೊಂಡ ಎಲ್ಲಿದೆ, ಅದನ್ನು ಯಾವ ತಿಂಗಳು ಯಾರ ದುಡ್ಡಿನಲ್ಲಿ ಬಳಿಯುತ್ತಾರೆ ಎಂದು ಹುಡುಕಿ. ಆ ಸಾಲು ಸಿಗದಿದ್ದರೆ ಕೆಲಸ ಶುರುವಾಗುವ ಮೊದಲೇ ಆಕ್ಷೇಪಣೆ ಬರೆದುಕೊಡಿ.